ಮಂಡಗದ್ದೆಗೆ ಬಾ, ದೋಣಿ ಮಾತ್ರ ಬೇಡ

ಪ್ರೀತಿಯ ಗೆಳೆಯ,

ಆಗಸ್ಟಿನಲ್ಲಿ ಮಕ್ಕಳನ್ನು ಕರೆದುಕೊಂಡು ಈ ಕಡೆ ಬರುತ್ತೀಯ ಅಂತ ಓದಿ ತುಂಬಾ ಖುಷಿಯಾಯಿತು. ಜೋಗ, ಆಗುಂಬೆ, ಸಕ್ರೆಬೈಲು ಎಲ್ಲ ನಿನ್ನ ಪಟ್ಟಿಯಲ್ಲಿವೆ. ತುಂಗೆಯ ನಡುಗಡ್ಡೆಯಲ್ಲಿ ಹಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯೂ ಇದೆ. ಆದರೆ ಅದರ ಮುಂದೆ ‘ದೋಣಿ ಸಿಗುತ್ತಾ? ನಡುಗಡ್ಡೆ ಮೇಲೆ ಇಳಿಯಬಹುದಾ?’ ಅಂತ ಕೇಳಿದ್ದೀಯ. ಆ ಒಂದು ಸಾಲಿಗೇ ಇಷ್ಟುದ್ದದ ಉತ್ತರ. ಇಳಿಯಬೇಡ ಮಾರಾಯ. ದೋಣಿ ಸಿಕ್ಕರೂ ಹತ್ತಬೇಡ.

ನಿನಗೆ ಶರಾವತಿ ಹಿನ್ನೀರಿನ ಹೊನ್ನೇಮರಡು ನೆನಪಾಗಿರಬೇಕು. ಅಲ್ಲಿ ನೀರಿನ ನಡುವಿನ ದಿಬ್ಬಕ್ಕೆ ಹುಟ್ಟು ಹಾಕಿಕೊಂಡು ಹೋಗಿ ರಾತ್ರಿ ಕಳೆದಿದ್ದೆವಲ್ಲ. ಅದರ ಕತೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಮನೆ, ಗದ್ದೆ, ತೋಟ ಎಲ್ಲ ಮುಳುಗಿದವು. ಗುಡ್ಡದ ತಲೆಗಳಷ್ಟೇ ಮೇಲೆ ಉಳಿದವು. ಹಿನ್ನೀರಿನ ನಡುಗಡ್ಡೆಗಳೆಂದರೆ ಅವೇ. ಮನುಷ್ಯರು ಬಾಳಿ, ಎದ್ದು ಹೋಗಬೇಕಾಗಿ ಬಂದ ಜಾಗ ಅದು. ಮಂಡಗದ್ದೆಯ ತುಂಡು ನೆಲ ಹಾಗಲ್ಲ. ಅದು ತುಂಗೆಯ ನಡುವೆಯೇ ಇರುವುದು, ಹಕ್ಕಿಗಳದ್ದು.

ಎಷ್ಟು ದೊಡ್ಡದು ಅಂದುಕೊಂಡಿದ್ದೀಯ? 1.14 ಎಕರೆ, ಅಷ್ಟೇ. ನಮ್ಮ ಕಡೆ ಅಷ್ಟು ಅಡಿಕೆ ತೋಟ ಇರುವವನನ್ನು ಸಣ್ಣ ರೈತ ಅಂತಲೇ ಕರೆಯುತ್ತಾರೆ. ಶೆಟ್ಟಿಹಳ್ಳಿ ಅಭಯಾರಣ್ಯಕ್ಕೆ ಸೇರಿದ ಈ ಚೂರು ನೆಲದ ಮರಗಳ ಮೇಲೆ ಮಳೆಗಾಲದಲ್ಲಿ ಗೂಡಿಗೆ ಗೂಡು ತಾಗುವಂತೆ ಸಂಸಾರಗಳು. ಪುನರ್ವಸು ಮಳೆ ಹಿಡಿದು ಹೊಳೆ ಏರಿತೆಂದರೆ ನೆಲವೇ ಕಾಣುವುದಿಲ್ಲ. ಕೆಂಪು ನೀರು, ಅದರ ಮೇಲೆ ಮರಗಳ ತಲೆ, ತಲೆಯ ತುಂಬ ಬಿಳಿ ಬಿಳಿ ಬೆಳ್ಳಕ್ಕಿ. ನಡುವೆ ಕಪ್ಪಗೆ ನೀರುಕಾಗೆ, ಹಾವಕ್ಕಿ.

ಅಷ್ಟು ಇಕ್ಕಟ್ಟಿನಲ್ಲಿ ಯಾಕೆ ಇರುತ್ತವೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಸುತ್ತ ನೀರಿದ್ದರೆ ಕಾಡುಬೆಕ್ಕಿನಂಥವು ಸುಲಭವಾಗಿ ಮರ ಹತ್ತಲು ಬರುವುದಿಲ್ಲ. ಮಳೆಗಾಲ ಅಂದರೆ ಹೊಳೆ, ಕೆರೆ, ಗದ್ದೆ ಎಲ್ಲ ಕಡೆ ಮೀನು, ಕಪ್ಪೆ, ಹುಳ. ಮರಿಗಳ ಹೊಟ್ಟೆ ತುಂಬಿಸಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ನಮಗೆ ನೆರೆ, ಅವುಗಳಿಗೆ ಕೋಟೆ. ಹಾಗಂತ ಪೂರ್ತಿ ಕ್ಷೇಮ ಅಂತಲ್ಲ. ಹೊಳೆ ತೀರಾ ಏರಿದರೆ ಕೆಳಗಿನ ಕೊಂಬೆಯ ಗೂಡುಗಳು ಕೊಚ್ಚಿಹೋಗುತ್ತವೆ. ಅದನ್ನು ನೋಡುತ್ತಾ ದಡದಲ್ಲಿ ನಿಲ್ಲುವುದು ಕಷ್ಟ ಕಣೋ. ನಾವು ಮಾಡುವುದೇನೂ ಇರುವುದಿಲ್ಲ.

ಆದರೆ ಇನ್ನೊಂದು ಅಪಾಯ ನಮ್ಮಿಂದಲೇ ಬರುವಂಥದ್ದು. ದೋಣಿಯೋ ಡ್ರೋನೋ ಹತ್ತಿರ ಹೋದರೆ ದೊಡ್ಡ ಹಕ್ಕಿಗಳು ಒಟ್ಟಿಗೆ ಮೇಲೇಳುತ್ತವೆ. ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆ ಹೊತ್ತಿನಲ್ಲಿ ಮೊಟ್ಟೆಗಳ ಮೇಲೆ ಯಾರೂ ಇರುವುದಿಲ್ಲ. ಕಾಗೆ, ಹದ್ದು ಕಾಯುವುದೇ ಅದಕ್ಕೆ. ಪುಕ್ಕ ಬಾರದ ಮರಿ ಮಲೆನಾಡಿನ ಮಳೆಯಲ್ಲಿ ಹೆಚ್ಚು ಹೊತ್ತು ಬರಿಮೈಯಲ್ಲಿ ತಡೆಯುವುದಿಲ್ಲ. ಗಾಬರಿಯಲ್ಲಿ ಗೂಡಿನಿಂದ ಜಾರಿದರೆ ಕೆಳಗೆ ಹೊಳೆ.

ರಂಗನತಿಟ್ಟಿನಲ್ಲಿ ದೋಣಿ ಇದೆಯಲ್ಲ ಅನ್ನುತ್ತೀಯ. ಇದೆ. 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ, ಮೈಸೂರು ಅರಸರು ಆ ಜಾಗವನ್ನು ಪಕ್ಷಿಧಾಮ ಮಾಡಿದರು. ಅಲ್ಲಿ ನಡುಗಡ್ಡೆಗಳು ಹಲವು, ಒಂದರಲ್ಲಿ ಗಲಾಟೆಯಾದರೆ ಇನ್ನೊಂದಿದೆ. ಇಲ್ಲಿ ಇರುವುದು ಒಂದೇ, ಅದೂ ಅಂಗೈಯಗಲ. ಸುತ್ತ ಒಂದು ರೌಂಡ್ ಹಾಕಿದರೆ ಯಾವ ಗೂಡೂ ದೂರ ಉಳಿಯುವುದಿಲ್ಲ.

ದಡದಿಂದ ಏನು ಕಾಣುತ್ತೆ ಅಂತ ಮುಖ ಸಣ್ಣ ಮಾಡಬೇಡ. ರಸ್ತೆ ಪಕ್ಕದಲ್ಲೇ ವೀಕ್ಷಣಾ ಗೋಪುರ ಇದೆ. ಒಂದು ಬೈನಾಕ್ಯುಲರ್ ತಂದರೆ ಸಾಕು. ಹಾವಕ್ಕಿಯನ್ನು ಹುಡುಕು. ಈಜುವಾಗ ಮೈಯೆಲ್ಲ ನೀರೊಳಗೆ, ಉದ್ದ ಕತ್ತು ಮಾತ್ರ ಹೊರಗೆ, ಥೇಟ್ ಹಾವು. ಮೀನನ್ನು ಚೂಪು ಕೊಕ್ಕಿನಿಂದ ಚುಚ್ಚಿ ಹಿಡಿಯುತ್ತದೆ, ಮೇಲೆ ಬಂದು ಗಾಳಿಗೆ ಎಸೆದು, ತಲೆ ಮೊದಲು ಬರುವ ಹಾಗೆ ನುಂಗುತ್ತದೆ. ಅದರ ರೆಕ್ಕೆಗೆ ನೀರು ಹಿಡಿಯುತ್ತದೆ, ಹಾಗಾಗಿ ಬಿಸಿಲು ಬಿದ್ದ ಕೂಡಲೇ ಕೊಂಬೆ ಮೇಲೆ ಎರಡೂ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಗೂಡಿಗೆ ಹೋದಾಗ ಬಿಡದೆ ನೋಡು. ಮರಿ ತನ್ನ ತಲೆಯನ್ನೇ ತಾಯಿಯ ಗಂಟಲೊಳಗೆ ತೂರಿಸಿ ಮೀನು ತೆಗೆದುಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ನನಗೆ ಉಸಿರೇ ಕಟ್ಟಿತ್ತು, ಮರಿ ಹೊರಗೆ ಬರುತ್ತದೋ ಇಲ್ಲವೋ ಅಂತ.

ಬೆಳ್ಳಕ್ಕಿಗಳ ಬೆನ್ನ ಮೇಲೆ ಈ ಕಾಲದಲ್ಲಿ ಜಾಲರಿಯಂಥ ತೆಳು ಗರಿ ಮೂಡಿರುತ್ತದೆ. ಗಂಡು ಕಡ್ಡಿ ತಂದು ಕೊಡುತ್ತದೆ, ಹೆಣ್ಣು ಅದನ್ನು ತಿರುಗಿಸಿ ಮುರುಗಿಸಿ ಗೂಡಿಗೆ ಸಿಕ್ಕಿಸುತ್ತದೆ. ಪಕ್ಕದ ಗೂಡು ಖಾಲಿ ಕಂಡರೆ ಅಲ್ಲಿಂದ ಒಂದು ಕಡ್ಡಿ ಎಳೆಯುವುದೂ ಇದೆ. ಇವೆಲ್ಲ ಕಾಣುವುದು ಅವು ನಮ್ಮನ್ನು ಮರೆತಾಗ ಮಾತ್ರ. ಹತ್ತಿರ ಹೋದರೆ ಬರೀ ಗಾಬರಿ ಕಾಣುತ್ತದೆ. ಅದಕ್ಕೇ ಹೇಳುತ್ತೇನೆ, ಎಲ್ಲರೂ ನೋಡಬಹುದಾದ, ಯಾರೂ ಕಾಲಿಡದ ಒಂದು ಎಕರೆ ನಮ್ಮ ಜಿಲ್ಲೆಯಲ್ಲಿರುವುದು ದೊಡ್ಡ ಭಾಗ್ಯ. ಅಲ್ಲಿಗೆ ಸೇತುವೆ, ಬೆಂಚು, ಜಾರುಬಂಡಿ ಯಾವುದೂ ಬೇಡ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಗಾಜನೂರು, ಸಕ್ರೆಬೈಲು ದಾಟಿ ಬರಬೇಕು. ಬೆಳಿಗ್ಗೆ ಬೇಗ ಬಾ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಸಂಜೆಯಾದರೆ ಮೇಯಲು ಹೋದವು ಗುಂಪುಗುಂಪಾಗಿ ವಾಪಸ್ ಬರುವುದು ಸಿಗುತ್ತದೆ. ಸೆಪ್ಟೆಂಬರಿಗೆ ಮುಂದೂಡಿದರೂ ನಷ್ಟವಿಲ್ಲ, ಆಗ ಮರಿಗಳು ರೆಕ್ಕೆ ಬಡಿಯುತ್ತಿರುತ್ತವೆ. ಕಾರನ್ನು ಸ್ವಲ್ಪ ಆಚೆ ನಿಲ್ಲಿಸು, ಹಾರ್ನ್ ಬೇಡ. ವಾಸನೆ ಇರುತ್ತದೆ, ಮಕ್ಕಳಿಗೆ ಮೊದಲೇ ಹೇಳಿರು. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ರೇನ್‌ಕೋಟ್ ತಂದುಬಿಡು. ದಿನ ಗೊತ್ತಾದ ಕೂಡಲೇ ಫೋನ್ ಮಾಡು, ನಾನೂ ರಜೆ ಹಾಕುತ್ತೇನೆ.

ಇಂತಿ ನಿನ್ನ ಗೆಳೆಯ