ಹುಷಾರಾಗಿರುವಾಗಲೇ ಬರೆದಿಡು

ಸೋಮವಾರಪೇಟೆ

ಮಗಳೇ,

"ಮನಸ್ಸಿಗೆ ಬರುವುದನ್ನೆಲ್ಲ ಡಾಕ್ಟರ್ ಹತ್ತಿರ ಹೇಳಿದರೆ ಪಾಪುವನ್ನು ಕಿತ್ತುಕೊಳ್ಳುತ್ತಾರಾ ದೊಡ್ಡಮ್ಮಾ?" ಅಂತ ಮೊನ್ನೆ ಕೇಳಿದೆ. ಮಳೆ ಸದ್ದಿಗೆ ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜಿಗೂ ನಿನ್ನ ಹಾಗೆ ಇದೇ ಮನಸ್ಸಿನ ಕಾಯಿಲೆ ಇತ್ತು. ಆಗ ನಿನ್ನ ಅಮ್ಮ ತೊಟ್ಟಿಲಲ್ಲಿದ್ದಳು, ನನಗೆ ಏಳು ವರ್ಷ. ಕಕ್ಕಡ ತಿಂಗಳ ಮಳೆಯಲ್ಲಿ ಒಂದು ರಾತ್ರಿ ಅಮ್ಮ ನನ್ನನ್ನು ಎಬ್ಬಿಸಿ ಕಾಫಿ ತೋಟಕ್ಕೆ ಎಳೆದುಕೊಂಡು ಹೋದಳು. ಕೊಲ್ಲಲು ಬರುತ್ತಿದ್ದಾರೆ, ಉಸಿರೆತ್ತಬೇಡ ಅಂದಳು. ಒಂದು ಕೈಯಲ್ಲಿ ನನ್ನ ಬಾಯಿ ಮುಚ್ಚಿಕೊಂಡು ಗಿಡದ ಬುಡದಲ್ಲಿ ಕೂತಳು. ಇನ್ನೊಂದು ಕೈಯಲ್ಲಿ ನನ್ನ ಕಾಲಿಗೆ ಹತ್ತಿದ ಜಿಗಣೆಗಳನ್ನು ಒಂದೊಂದೇ ಕೀಳುತ್ತಿದ್ದಳು. ಅಷ್ಟು ಭಯದಲ್ಲೂ.

ಬೆಳಿಗ್ಗೆ ಅವಳನ್ನು ಎಲ್ಲಿಗೋ ಕರೆದುಕೊಂಡು ಹೋದರು. ಯಾಕೆ ಅಂತ ಯಾರೂ ನನಗೆ ಹೇಳಲಿಲ್ಲ. ವಾಪಸ್ ಬಂದ ಮೇಲೂ ಹತ್ತಿರ ಬಿಡಲಿಲ್ಲ. ನಾನೇ ಏನೋ ತಪ್ಪು ಮಾಡಿದೆ ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ.

ಈಗ ಕಾಲ ಬೇರೆ. ತಾಯಿ ಮಾನಸಿಕ ಆಸ್ಪತ್ರೆಗೆ ಸೇರಿದರೆ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ದೂರ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಮಗುವಿಗೆ ಅಪಾಯ ಅಂತ ಡಾಕ್ಟರ್‌ಗೆ ಕಂಡರೆ ಸ್ವಲ್ಪ ದಿನ ಬೇರೆ ಇಡುತ್ತಾರೆ. ಆಗಲೂ 15 ದಿನಕ್ಕೊಮ್ಮೆ ಮತ್ತೆ ಯೋಚಿಸಬೇಕು, ಯಾರಾದರೂ ಜೊತೆಗಿದ್ದು ಮಗುವನ್ನು ನೋಡಲು ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಾರ್ಡ್ 2009ರಿಂದ ಇದೆ.

ಈ ಕಾಯಿಲೆ ಇರುವ ಹೆಚ್ಚಿನ ತಾಯಂದಿರು ಮಕ್ಕಳಿಗೆ ಏನೂ ಮಾಡುವುದಿಲ್ಲ. ಆದರೂ ಕಿವಿಯಲ್ಲಿ ಯಾರೋ ಪಾಪುವಿನ ಬಗ್ಗೆ ಹೇಳಿದ ಹಾಗಾದರೆ, ಇಬ್ಬರೂ ಸತ್ತುಹೋಗೋಣ ಅನಿಸಿದರೆ, ಆ ಕ್ಷಣವೇ ಪಾಪುವನ್ನು ನಿಮ್ಮತ್ತೆ ಕೈಗೆ ಕೊಟ್ಟು ಬಾಯಿಬಿಟ್ಟು ಹೇಳು. ಬೆಳಗಾಗಲಿ ಅಂತ ಕಾಯಬೇಡ, ಆಗಲೇ ಆಸ್ಪತ್ರೆಗೆ ಹೊರಡಿ. ಗಾಡಿ ಬರುವವರೆಗೆ ಮಾತಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ.

ಕೋವಿಯನ್ನು ಬೀಗ ಹಾಕಿ ಇಟ್ಟು ಕೀ ನಿಮ್ಮ ಮಾವನ ಹತ್ತಿರ ಇರಲಿ. ಕೈಲ್ ಮುಹೂರ್ತದ ಆಯುಧ ಪೂಜೆಗೆ ಹೊರಗೆ ಬಂದರೆ ಸಾಕು. ತೋಟಕ್ಕೆ ಹೊಡೆಯುವ ಔಷಧಿಗೂ ಬೀಗ, ಬಾವಿಗೆ ಜಾಲರಿ. ಸಣ್ಣ ಮಕ್ಕಳಿರುವ ಯಾವ ಮನೆಗಾದರೂ ಇದು ಬೇಕು, ಬೇಜಾರು ಮಾಡ್ಕೋಬೇಡ.

ನಿದ್ದೆ ಮಾತ್ರ ಬಿಡಬೇಡ. ರಾತ್ರಿ ಪಾಪು ಎದ್ದರೆ ನಿನ್ನ ಗಂಡ ನೋಡಿಕೊಳ್ಳಲಿ. ಹುಷಾರಾದೆ ಅಂತ ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ.

ದೊಡ್ಡವಳಿಗೆ ಆರು ವರ್ಷ, ಅಲ್ವಾ? ಅವಳಿಗೆ ಎಲ್ಲ ಗೊತ್ತಾಗುತ್ತದೆ. "ಅಮ್ಮನ ತಲೆಗೆ ಹುಷಾರಿಲ್ಲ, ಮಾತ್ರೆ ತಗೋತಾಳೆ, ನಿನ್ನಿಂದ ಆಗಿದ್ದಲ್ಲ" ಅಂತ ನೀನೇ ಕೂರಿಸಿಕೊಂಡು ಹೇಳು.

ಈಗ ಹುಷಾರಾಗಿದ್ದೀಯ. ಈಗಲೇ ಒಂದು ನೋಟ್‌ಬುಕ್ ತೆಗೆದುಕೋ. ಕಾಯಿಲೆ ಮರುಕಳಿಸುವ ಮುಂಚೆ ನಿನಗೆ ಏನೇನಾಗುತ್ತದೆ, ಆಗ ಮಕ್ಕಳನ್ನು ಯಾರು ಕರೆದುಕೊಂಡು ಹೋಗಬೇಕು, ನಿನ್ನ ಕೈಯಾರೆ ಬರೆ. ಮೊದಲು ನನ್ನ ಹೆಸರು ಹಾಕು. ನಾಟಿ ಮುಗಿಸಿ ಬರುತ್ತೇನೆ, ಒಟ್ಟಿಗೆ ಕೂತು ಓದೋಣ. ಬೆಲ್ಲ ಹಾಕದಿದ್ದರೆ ಪಾಪು ಗಂಜಿ ಮುಟ್ಟುವುದಿಲ್ಲ ಅಂದಿದ್ದೆಯಲ್ಲ, ಅದನ್ನೂ ಬರೆದಿಡು.

ನಿನ್ನ
ದೊಡ್ಡಮ್ಮ