ಹೆಸರು ಬರೆಯದೆ ಹೇಳುತ್ತಿರುವ ಥ್ಯಾಂಕ್ಸ್

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಅಪ್ಪ ಅಮ್ಮ ಬೆಳೆಸುವ ರೀತಿಗೂ ಮಕ್ಕಳ ಮಾನಸಿಕ ಆರೋಗ್ಯಕ್ಕೂ ಇರುವ ನಂಟು ನನ್ನ ವಿಷಯ. ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಈ ಕೆಲಸಕ್ಕೆ ನಿಜವಾಗಿ ಕಾರಣರಾದವರ ಹೆಸರು ಪ್ರಬಂಧದಲ್ಲಿ ಎಲ್ಲೂ ಇಲ್ಲ. ಹೆಸರು ಹೊರಗೆ ಬರಲ್ಲ ಅಂತ ಮಾತು ಕೊಟ್ಟೇ ಅವರ ಮನೆಯೊಳಗೆ ಕಾಲಿಟ್ಟಿದ್ದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆಯ ಅಮ್ಮಂದಿರೇ, ಮೊದಲು ನಿಮಗೆ. ದಿನವೆಲ್ಲ ಭಟ್ಟಿಯ ಬಿಸಿ, ಹೊಗೆ ಕುಡಿದು ಬಂದು ನೀವು ಒಲೆ ಹಚ್ಚುವ ಹೊತ್ತಿಗೆ ನಾನು ಕಾಗದ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯಾರೂ ಬೈದು ಕಳಿಸಲಿಲ್ಲ. ನನ್ನ ಕೈಲಿದ್ದದ್ದು ಮಕ್ಕಳ ಮನಸ್ಸು, ನಡವಳಿಕೆ ಹೇಗಿದೆ ಅಂತ ತಿಳಿಯೋಕೆ ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಅದರಲ್ಲಿ 25 ಸಾಲು, ಪ್ರತಿ ಸಾಲಿಗೂ ನಿಜವಲ್ಲ, ಸ್ವಲ್ಪ ನಿಜ, ಖಂಡಿತ ನಿಜ ಅನ್ನೋ ಮೂರೇ ಉತ್ತರ. ತಲೆನೋವು, ಹೊಟ್ಟೆನೋವು ಅಂತ ಆಗಾಗ ಹೇಳ್ತಾನಾ ಅನ್ನೋ ಸಾಲು ಓದಿದಾಗ ಒಬ್ಬ ತಾಯಿ ರೊಟ್ಟಿ ತಟ್ಟೋದನ್ನೇ ನಿಲ್ಲಿಸಿದರು. "ಸೋಮವಾರ ಬಂತು ಅಂದ್ರೆ ಶುರು ಮೇಡಂ. ರಜೆಯಲ್ಲಿ ಒಂದಿನಾನೂ ಇಲ್ಲ. ನಾಟಕ ಅಂತ ಅವರಪ್ಪ ಹೊಡೀತಾರೆ. ನಿಜವಾಗ್ಲೂ ನೋಯುತ್ತಾ?" ಹೌದು, ನಿಜವಾಗಿಯೂ ನೋಯುತ್ತದೆ. ಮಕ್ಕಳ ಆತಂಕ ಎಷ್ಟೋ ಸಲ ಹೊಟ್ಟೆನೋವಾಗಿಯೇ ಹೊರಗೆ ಬರುತ್ತದೆ. ಅವರು ಅಷ್ಟು ಬಿಡಿಸಿ ಹೇಳದಿದ್ದರೆ ನನ್ನ ಹಾಳೆಯಲ್ಲಿ ಸುಮ್ನೆ ಒಂದು ಟಿಕ್ ಉಳಿಯುತ್ತಿತ್ತು.

ಅಪ್ಪಂದಿರಿಗೂ ಥ್ಯಾಂಕ್ಸ್. ಹಮಾಲಿ ಮುಗಿಸಿ, ಆಟೋ ನಿಲ್ಲಿಸಿ, ರಾತ್ರಿ ಊಟಕ್ಕೂ ಮೊದಲು ಕೂತು ಮಾತಾಡಿದಿರಿ. ಜಗಳವನ್ನೂ ಆಡಿದಿರಿ, ಅದು ಇನ್ನೂ ಒಳ್ಳೇದಾಯಿತು. ಹೊಡೆಯದೆ ಬೆಳೆಸಿದರೆ ಮಕ್ಕಳು ಕೆಡಲ್ವಾ ಅಂತ ಕೇಳಿದಿರಿ. ಶಿಸ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಿ ಹೇಳಿದ್ದರು: ಮನೆಯಲ್ಲಿ ನಿಯಮ ಇರಲಿ, ಜೊತೆಗೆ ಅಕ್ಕರೆ ಇರಲಿ, ಯಾಕೆ ಅಂತ ಮಗು ಕೇಳಿದರೆ ಕಾರಣ ಹೇಳುವಷ್ಟು ತಾಳ್ಮೆಯೂ ಇರಲಿ.

ಜಗಳೂರು ಕಡೆಯ ಅಜ್ಜಿಯರನ್ನು ಮರೆಯೋದುಂಟಾ? ಮಗ ಸೊಸೆ ದುಡಿಯೋಕೆ ಬೆಂಗಳೂರಿಗೆ ಹೋಗಿದ್ದಾರೆ, ಮೊಮ್ಮಕ್ಕಳು ನಿಮ್ಮ ಮಡಿಲಲ್ಲಿ. ಮಗುವಿಗೆ ಬೇಕಾದದ್ದು ನಂಬಿಕೊಳ್ಳಬಹುದಾದ, ಕರೆದರೆ ಓಗೊಡುವ ಒಬ್ಬ ದೊಡ್ಡವರು. ಹೆತ್ತವರೇ ಆಗಬೇಕು ಅಂತೇನಿಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೆ, ನಿಮ್ಮ ಜಗುಲಿ ಮೇಲೆ ಕಣ್ಣಾರೆ ಕಂಡೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ನನ್ನ ವಿಷಯ ಕೇಳಿದ ಕೂಡಲೇ "ಹಾಗಾದ್ರೆ ತಾಯಿಯದೇ ತಪ್ಪು" ಅನ್ನೋರು ಜಾಸ್ತಿ. ನನಗೆ ಸಿಟ್ಟು ಬರುತ್ತದೆ. ಆಟಿಸಂಗೆ ತಾಯಿಯ ತಣ್ಣನೆಯ ಸ್ವಭಾವವೇ ಕಾರಣ ಅಂತ ಒಂದು ಕಾಲಕ್ಕೆ ದೊಡ್ಡ ದೊಡ್ಡ ತಜ್ಞರೇ ಹೇಳಿದ್ದರು. ಅದು ಸುಳ್ಳು ಅಂತ ಗೊತ್ತಾಗುವ ಹೊತ್ತಿಗೆ ಎಷ್ಟು ತಾಯಂದಿರು ನೊಂದಿರಬೇಡ! ಮಗುವಿನ ಸ್ವಭಾವವೂ ಅಪ್ಪ ಅಮ್ಮನನ್ನು ಬದಲಿಸುತ್ತದೆ. ಸಾಲ, ನಿದ್ದೆಗೇಡು, ಕುಡಿತ, ಹೇಳಿಕೊಳ್ಳೋಕೆ ಯಾರೂ ಇಲ್ಲದಿರೋದು, ಇವೆಲ್ಲ ಮೊದಲು ಅಮ್ಮನನ್ನು ಹಿಂಡಿ ಆಮೇಲೆ ಮಗುವನ್ನು ಮುಟ್ಟುತ್ತವೆ. ಅಮ್ಮನ ಮನಸ್ಸನ್ನು ವಿಚಾರಿಸದೆ ಮಗುವಿನದನ್ನು ಮಾತ್ರ ಸರಿ ಮಾಡೋಕೆ ಆಗಲ್ಲ.

ನನ್ನ ಕೈಹಿಡಿದು ಮನೆ ಮನೆಗೆ ಕರೆದೊಯ್ದ ಅಂಗನವಾಡಿ ಟೀಚರ್‌ಗಳಿಗೆ, ಆಶಾ ಅಕ್ಕಂದಿರಿಗೆ, ಒಂದೊಂದು ಅಧ್ಯಾಯವನ್ನೂ ಕೆಂಪು ಪೆನ್ನು ಹಿಡಿದು ತಿದ್ದಿದ ನನ್ನ ಗೈಡ್‌ಗೆ, ಮನೆಯವರಿಗೆ ನಾನು ಋಣಿ.

ಮನಸ್ಸಿಗೆ ತೀರಾ ಭಾರ ಅನಿಸಿದರೆ, ನಿಮಗಾಗಲಿ ಮಕ್ಕಳಿಗಾಗಲಿ, 14416ಕ್ಕೆ ಫೋನ್ ಮಾಡಿ. ಮಾನಸಿಕ ಆರೋಗ್ಯಕ್ಕೆ ಅಂತಲೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಅದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನ್ನ ಅಧ್ಯಯನದಲ್ಲಿ ಏನು ಸಿಕ್ಕಿತು ಅಂತ ನಿಮ್ಮ ನಿಮ್ಮ ಅಂಗನವಾಡಿಗೇ ಬಂದು ಹೇಳುತ್ತೇನೆ. ದಿನ ಯಾವುದು ಅಂತ ಟೀಚರ್ ತಿಳಿಸುತ್ತಾರೆ. ಭಾನುವಾರವೇ ಇಟ್ಟುಕೊಳ್ಳೋಣ, ಅಪ್ಪಂದಿರೂ ಬರಬೇಕು.