ಒಂದೇ ಕೌಂಟರ್, ಎರಡು ಹೆಸರು, ಎರಡು ಬಿಲ್

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಬಾಡಿಗೆ ಕಾರಿನ ಬುಕಿಂಗ್‌ನಲ್ಲಿ ನೋ-ಶೋ ಚಾರ್ಜ್ (ಬುಕ್ ಮಾಡಿ ಬಾರದವರಿಗೆ ಹಾಕುವ ಶುಲ್ಕ) ಎಂದು ಹಿಡಿದುಕೊಂಡ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಮೂರು ವಾರದಲ್ಲಿ ಐದು ಸಲ ಫೋನ್ ಮಾಡಿದೆ. ಐದು ಸಲವೂ ಮರ್ಯಾದೆಯಿಂದಲೇ ಮಾತಾಡಿದೆ. ನಿನ್ನೆ ನಿಮ್ಮವರು, "ಕಾರು ತಗೊಳ್ಳೋಕೆ ನೀವು ಬರಲೇ ಇಲ್ಲ ಮೇಡಂ, ದುಡ್ಡು ವಾಪಸ್ ಬರಲ್ಲ" ಎಂದು ಫೋನ್ ಇಟ್ಟುಬಿಟ್ಟರು. ಇನ್ನು ಫೋನ್ ಮಾಡುವುದಿಲ್ಲ.

ನಾನು ಬಂದಿದ್ದೆ. ವಿಮಾನ ನಿಲ್ದಾಣದಲ್ಲಿ ನಿಮ್ಮದೇ ಕೌಂಟರ್ ಮುಂದೆ ಒಂದು ಗಂಟೆ ಹತ್ತು ನಿಮಿಷ ನಿಂತಿದ್ದೆ. ಮಂಡಿ ನೋವಿರುವ ನನ್ನ ಅಮ್ಮನೂ ಜೊತೆಗಿದ್ದರು.

ಅಲ್ಲಿರುವುದು ಒಂದೇ ಉದ್ದನೆಯ ಮೇಜು. ಮೇಲೆ ಎರಡು ಬೋರ್ಡ್. ಒಂದು ನಿಮ್ಮ ದುಬಾರಿ ಹೆಸರು, ಇನ್ನೊಂದು ಅಗ್ಗದ ಹೆಸರು. ನಾನು ಬುಕ್ ಮಾಡಿದ್ದು ಅಗ್ಗದ್ದರಲ್ಲಿ. ನಮ್ಮ ಸಾಲಿನಲ್ಲಿ ಹದಿನಾಲ್ಕು ಜನ. ಪಕ್ಕದ ಸಾಲು ಖಾಲಿ. "ಅಮ್ಮನಿಗೆ ನಿಲ್ಲೋಕೆ ಆಗ್ತಿಲ್ಲ, ಆ ಕಡೆ ಬರಲಾ?" ಎಂದು ಕೇಳಿದೆ. ನಿಮ್ಮ ಹುಡುಗ ತಲೆ ಎತ್ತದೆ, "ಅದು ಬೇರೆ ಕಂಪನಿ" ಎಂದ. ಅಷ್ಟರಲ್ಲಿ ಆ ಕಡೆ ಒಬ್ಬರು ಬಂದರು. ಅದೇ ಹುಡುಗ ಪೆನ್ನು, ನೀರಿನ ಬಾಟಲಿ ಎತ್ತಿಕೊಂಡು ಎರಡು ಹೆಜ್ಜೆ ಸರಿದು ಆ ಕುರ್ಚಿಯಲ್ಲಿ ಕೂತ. ಅವನ ಜೇಬಿನ ಮೇಲೆ ನಿಮ್ಮ ಎರಡೂ ಹೆಸರು ಹೊಲಿದಿತ್ತು.

ಕೊನೆಗೆ ನಮ್ಮ ಸರದಿ ಬಂತು. "ನೀವು ಬುಕ್ ಮಾಡಿರೋ ಸೈಜಿನ ಕಾರಿಲ್ಲ. ಆ ಕಂಪನಿಯಲ್ಲಿದೆ, ಹೊಸದಾಗಿ ಬುಕ್ ಮಾಡಿ." ಬಾಡಿಗೆ ಒಂದೂವರೆ ಪಟ್ಟು. ಹಾಗಾದರೆ ನನ್ನ ಬುಕಿಂಗ್‌ಗೆ ಏನು ಅರ್ಥ ಎಂದು ಕೇಳಿದೆ. ಅವನು ದನಿ ಏರಿಸಿ, ಹಿಂದಿನವರಿಗೆಲ್ಲ ಕೇಳುವ ಹಾಗೆ, "ಕಡಿಮೆ ರೇಟ್ ನೋಡ್ಕೊಂಡು ಬಂದ್ರೆ ಹೀಗೇ ಆಗೋದು ಮೇಡಂ" ಎಂದ. ಸಾಲಿನಲ್ಲಿ ಯಾರೋ ನಕ್ಕರು. ಅಮ್ಮ ನನ್ನ ತೋಳು ಹಿಡಿದು, "ಕೊಟ್ಬಿಡೇ, ಎಲ್ಲರೂ ನೋಡ್ತಿದ್ದಾರೆ" ಎಂದರು. ಕೊಟ್ಟೆ. ಅವನು ತನ್ನ ಕಾಲ ಬಳಿ ಇದ್ದ ಅದೇ ಡ್ರಾಯರ್ ಎಳೆದು ಕೀ ತೆಗೆದುಕೊಟ್ಟ. ಬೇರೆ ಕಂಪನಿ ಅಂದರೆ ಇದೇ ಅಲ್ವಾ?

ಒಬ್ಬರೇ ಹಲವು ಹೆಸರಲ್ಲಿ ಕಾರು ಬಾಡಿಗೆಗೆ ಕೊಡುವುದು ಹೊಸದಲ್ಲ, ಅದು ತಪ್ಪು ಅಂತಲೂ ನಾನು ಹೇಳುವುದಿಲ್ಲ. ಅಮೆರಿಕದ ಬಾಡಿಗೆ ಕಾರು ಕಂಪನಿಗಳನ್ನೇ ನೋಡಿ. ಎಂಟರ್‌ಪ್ರೈಸ್ 2007ರಲ್ಲಿ ನ್ಯಾಷನಲ್, ಅಲಾಮೊ ಎರಡನ್ನೂ ಕೊಂಡಿತು. ಹರ್ಟ್ಜ್ 2012ರಲ್ಲಿ ಡಾಲರ್, ಥ್ರಿಫ್ಟಿ ಎಂಬ ಹೆಸರುಗಳನ್ನು ಕೊಂಡಿತು. ಏವಿಸ್, ಬಜೆಟ್ ಒಂದೇ ಮನೆಯವು. ಕೊಂಡ ಮೇಲೂ ಹಳೆ ಹೆಸರುಗಳನ್ನು ಅಳಿಸಲಿಲ್ಲ. ಆಫೀಸಿನ ಖರ್ಚಿನಲ್ಲಿ ಬರುವವರು ರೇಟ್ ಅಷ್ಟಾಗಿ ನೋಡುವುದಿಲ್ಲ, ಅವರಿಗೆ ಬೇಗ ಕೀ ಸಿಕ್ಕರೆ ಸಾಕು. ಸ್ವಂತ ದುಡ್ಡಿನಲ್ಲಿ ಮನೆಮಂದಿ ಜೊತೆ ಹೊರಟವರು ಪ್ರತಿ ರೂಪಾಯಿ ನೋಡುತ್ತಾರೆ. ಒಂದೇ ಹೆಸರಿದ್ದರೆ ಎಲ್ಲರಿಗೂ ರೇಟ್ ಇಳಿಸಬೇಕಾಗುತ್ತದೆ. ಎರಡಿದ್ದರೆ ದುಬಾರಿ ಹೆಸರಿನ ಬೆಲೆ ಹಾಗೇ ನಿಲ್ಲುತ್ತದೆ, ಮಿಕ್ಕ ಕಾರು ಅಗ್ಗದ ಹೆಸರಲ್ಲಿ ಹೋಗುತ್ತದೆ. ರೇಟ್ ಹೋಲಿಸುವ ಪಟ್ಟಿಯಲ್ಲೂ ಒಂದರ ಬದಲು ಎರಡು ಸಾಲು ಸಿಗುತ್ತವೆ. ನಾನೂ ಆ ಪಟ್ಟಿ ನೋಡಿ, ಎರಡು ಕಂಪನಿ ಪೈಪೋಟಿಯಲ್ಲಿವೆ ಎಂದು ನಂಬಿದ್ದೆ. ಅವರಷ್ಟು ದೊಡ್ಡವರಲ್ಲದ ನೀವೂ ಅದೇ ದಾರಿ ಹಿಡಿದಿದ್ದೀರಿ. ವ್ಯಾಪಾರ ನಿಮ್ಮಿಷ್ಟ. ಆದರೆ ದುಡ್ಡು ತಗೊಳ್ಳುವಾಗ ಒಂದು, ಜವಾಬ್ದಾರಿ ಬಂದಾಗ ಎರಡು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಯಾಕೆಂದರೆ ನನ್ನ ಕಾರ್ಡಿನಿಂದ ಎರಡು ಮೊತ್ತ ಹೋಗಿವೆ. ಒಂದು, ಓಡಿಸಿದ ಕಾರಿನ ಬಾಡಿಗೆ. ಇನ್ನೊಂದು, "ಬರಲಿಲ್ಲ" ಎಂದು ಅಗ್ಗದ ಹೆಸರಲ್ಲಿ ಹಾಕಿದ ನೋ-ಶೋ ಚಾರ್ಜ್. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಎರಡೂ ಒಂದೇ ಕಂಪನಿಗೆ ಸಂದಿವೆ. ಎರಡೂ ಒಂದೇ ದಿನದ್ದು. ಪ್ರತಿ ಲಗತ್ತಿಸಿದ್ದೇನೆ.

ನಿಮ್ಮ ಷರತ್ತುಗಳು ನಿಮಗೆ ಗೊತ್ತಿವೆ. ಬುಕ್ ಮಾಡಿದವರು ಬಾರದಿದ್ದರೆ ಮಾತ್ರ ನೋ-ಶೋ. ಬುಕ್ ಮಾಡಿದ ಕಾರಿಲ್ಲದಿದ್ದರೆ ಅದೇ ರೇಟಿಗೆ ಮೇಲಿನ ದರ್ಜೆಯ ಕಾರು ಕೊಡಬೇಕು. ಎರಡನ್ನೂ ನೀವು ಪಾಲಿಸಿಲ್ಲ. ಆದ್ದರಿಂದ ನೋ-ಶೋ ಹಣ ಪೂರ್ತಿ, ಬಾಡಿಗೆಯಲ್ಲಿ ಜಾಸ್ತಿ ತಗೊಂಡಿದ್ದು ಪೂರ್ತಿ ವಾಪಸ್ ಬರಬೇಕು. ಅಮ್ಮನ ಹೆಸರಿಗೆ ಒಂದು ಕ್ಷಮೆಯ ಪತ್ರವೂ ಬೇಕು. ಅವರಿಗೆ ಆ ನಗು ಇನ್ನೂ ಮರೆತಿಲ್ಲ.

15 ದಿನ ಕಾಯುತ್ತೇನೆ. ಆಮೇಲೆ ಬ್ಯಾಂಕಿನಲ್ಲಿ ಎರಡೂ ವಸೂಲಿಗೆ ತಕರಾರು ಹಾಕುತ್ತೇನೆ. ಗ್ರಾಹಕ ನ್ಯಾಯಾಲಯದಲ್ಲಿ ನಿಮ್ಮ ಎರಡೂ ಹೆಸರಿನ ಮೇಲೆ ಒಂದೇ ಕೇಸ್ ಹಾಕುತ್ತೇನೆ. ಅಲ್ಲಿ ಈ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು "ಅದು ಬೇರೆ ಕಂಪನಿ" ಎಂದು ಹೇಳುವ ಧೈರ್ಯ ನಿಮ್ಮಲ್ಲಿ ಯಾರಿಗಿದೆಯೋ, ಅವರನ್ನೇ ಕಳಿಸಿ.

ಇಂತಿ,
ಬಂದಿದ್ದ ಗ್ರಾಹಕಿ